ಆಲೆಮನೆಯ ಕರಿ ಉಲಿಯಕ್ಕಿ

ಗುತ್ತಲಿನ ಹುಚ್ಚೀರಯ್ಯ ಕಬ್ಬಿನ ಗದ್ದೆಗೆ ಹೋಗುವಾಗ ಕೋಟು ಹಾಕಿ, ಪೇಟ ಸುತ್ತಿಕೊಳ್ಳುತ್ತಿದ್ದ. ಆಗಿನ ಕಾಲದಲ್ಲಿ ಬೇರೆಯವರು ಕೋಟು ತೊಡುತ್ತಿದ್ದದ್ದು ಕೋರ್ಟಿಗೆ, ಮದುವೆಗೆ. ಹುಚ್ಚೀರಯ್ಯ ತೊಡುತ್ತಿದ್ದದ್ದು ಗದ್ದೆಯ ಉಲಿಯಕ್ಕಿಗಳನ್ನು ನೋಡುವುದಕ್ಕೆ. ಮಣ್ಣಿನ ಬಣ್ಣದ, ಹೆಬ್ಬೆರಳಿನಷ್ಟೇ ಇರುವ, ಒಂದರ ಪಡಿಯಚ್ಚಿನಂತೆ ಇನ್ನೊಂದಿರುವ ಆ ಜೀವಗಳನ್ನು ಊರಿನವರು ಹಕ್ಕಿಯ ಜಾತಿಗೇ ಸೇರಿಸಿರಲಿಲ್ಲ. ನಾಲೆಯ ನೀರು ಬಂದು ಕಬ್ಬು ಆಳುದ್ದ ಎದ್ದ ಮೇಲೆ ಅವೂ ಹೆಚ್ಚಿದವು, ಅವುಗಳ ಜೊತೆಗೆ ಹುಚ್ಚೀರಯ್ಯನ ಗತ್ತೂ ಹೆಚ್ಚಿತು.

ನಾಲೆ ಕೆಲಸ ಮುಗಿಸಿ ಹೋದ ಇಂಜಿನಿಯರೊಬ್ಬರು ಬಿಟ್ಟುಹೋಗಿದ್ದ ದುರ್ಬೀನು ಅವನ ಕೊರಳಲ್ಲಿ ತೂಗುತ್ತಿತ್ತು. ಅದರ ಒಂದು ಕಣ್ಣು ಒಡೆದಿತ್ತು. ಎರಡು ಕಣ್ಣಿದ್ದರೆ ಅನುಮಾನ ಬರುತ್ತದೆ, ಒಂದಿದ್ದರೆ ತೀರ್ಮಾನ ಬರುತ್ತದೆ ಎಂದು ಅವನು ಸಮರ್ಥಿಸಿಕೊಳ್ಳುತ್ತಿದ್ದ.

ಗತ್ತು ಏನೇ ಇರಲಿ, ಅವನ ವಿದ್ಯೆ ಸುಳ್ಳಲ್ಲ. ಮೊದಲು ಕಿವಿ, ಆಮೇಲೆ ಬಾಲ, ಕಟ್ಟಕಡೆಗೆ ಬಣ್ಣ. ಇದು ಅವನು ಹಾಕಿಕೊಂಡ ಕಟ್ಟಳೆ. ಬೇಲಿಯೊಳಗಿಂದ ನಾಲಗೆ ಲೊಟಕಿಸಿದಂತೆ ಟಕ್ ಟಕ್ ಎಂದರೆ ಚಳಿಗಾಲದ ನೆಂಟ. ಹಾರುವಾಗ ಒಣಕಡ್ಡಿ ಮುರಿದಂತೆ ಚಟಚಟ ಸದ್ದಾದರೆ ಬೂದು ಉಲಿಯಕ್ಕಿ. ಕಬ್ಬಿನ ಗರಿಯ ಮೇಲೆ ಕುಳಿತು, ಉದ್ದ ಬಾಲ ಕುಣಿಸುತ್ತ, ಜೀರುಂಡೆಯಂತೆ ಒಂದೇ ಸಮನೆ ಕೊರೆದರೆ ಊರಿನದೇ ಮಣ್ಣು ಉಲಿಯಕ್ಕಿ. ಬಣ್ಣ ನಂಬಿದವನು ಕೆಟ್ಟ ಎಂದು ಅವನು ದಿನವೂ ಹೆಂಡತಿ ಚಿಕ್ಕನಂಜಮ್ಮನಿಗೆ ಬೋಧಿಸುತ್ತಿದ್ದ. ಆಕೆ ಮುದ್ದೆ ತೊಳಸುತ್ತ ಹೂಂಗುಟ್ಟುತ್ತಿದ್ದಳು.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರದ ಒಂದು ಚಳಿಗಾಲ, ಚಲುವರಾಜುವಿನ ಆಲೆಮನೆಯಲ್ಲಿ ಬೆಲ್ಲದ ಒಲೆ ಉರಿಯುತ್ತಿತ್ತು. ಒಲೆಯ ಪಕ್ಕ ಒಟ್ಟಿದ್ದ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಹುಚ್ಚೀರಯ್ಯನಿಗೆ ಒಂದು ಉಲಿಯಕ್ಕಿ ಕಂಡಿತು. ತಲೆಯಿಂದ ಬಾಲದವರೆಗೆ ಕಾಡಿಗೆಯ ಬಣ್ಣ. ಇಂಥದು ಲೋಕದಲ್ಲೇ ಇಲ್ಲ ಎಂದು ಅವನ ಒಂಟಿಗಣ್ಣಿನ ದುರ್ಬೀನು ಅಲ್ಲೇ ತೀರ್ಪು ಕೊಟ್ಟಿತು. ಲೋಕದಲ್ಲಿ ಇಲ್ಲದ್ದನ್ನು ಕಂಡವನ ಹೆಸರೇ ಅದಕ್ಕೆ ಸಲ್ಲಬೇಕು. ಮಕ್ಕಳಿಲ್ಲದ ಹುಚ್ಚೀರಯ್ಯನಿಗೆ ಆ ಯೋಚನೆ ಬೆಲ್ಲದ ಪಾಕಕ್ಕಿಂತ ಸಿಹಿಯಾಗಿ ಅಂಟಿಕೊಂಡಿತು. ಅಲ್ಲೇ ಚಲುವರಾಜುವಿಗೆ ಹೇಳಿಯೂ ಬಿಟ್ಟ.

ಚಲುವರಾಜು ಬೆಲ್ಲ ಕುಟ್ಟಿದಂತೆ ಮಾತಾಡುವವನು. "ನಿನ್ನೆಸ್ರೇ ಮಡಗ್ತೀವಿ ಬುಡಣ್ಣ. ಒಸಾ ಅಕ್ಕಿ ಅಲ್ಲಾಂದ್ರೆ ಮಾತ್ರ ಆ ದುರ್ಬೀನು ನಂಗೆ. ಗಾಣಕ್ಕೆ ಕಬ್ಬು ಕೊಡೋ ಆಳು ತೂಕಡಿಸ್ತಾವ್ನಾ ಅಂತ ಇಲ್ಲಿಂದ್ಲೇ ನೋಡ್ಬೋದು."

ಹುಚ್ಚೀರಯ್ಯ ಒಪ್ಪಿದ. ತೀರ್ಪುಗಾರನೆಂದು ಮಳವಳ್ಳಿಯಿಂದ ರೇವಣ್ಣನನ್ನು ಕರೆಸಿದರು. ಅರಣ್ಯ ಇಲಾಖೆಯಲ್ಲಿ ರೇಂಜರಾಗಿ ನಿವೃತ್ತನಾಗಿದ್ದ ರೇವಣ್ಣನಿಗೆ ಗೊತ್ತಿಲ್ಲವೆಂಬ ಪದವೊಂದೇ ಗೊತ್ತಿರಲಿಲ್ಲ. ಅವನು ಕಬ್ಬಿನ ಹಾಲು ಕುಡಿದು, ಮೀಸೆ ಒರೆಸಿ, ಅಂದೂ ಸಿಪ್ಪೆಯ ರಾಶಿಗೆ ಬಂದಿದ್ದ ಹಕ್ಕಿಯನ್ನು ಒಮ್ಮೆ ನೋಡಿ, ಕಾವೇರಿ ದಂಡೆಯ ಕಾಡಿನಲ್ಲಿ ಇದನ್ನು ತಾನು ಕಂಡದ್ದುಂಟು, ಬಲು ಅಪರೂಪದ್ದು ಎಂದ.

ಅಷ್ಟರಲ್ಲಿ ಕರಿಹಕ್ಕಿ ಬಾಯಿ ಬಿಟ್ಟಿತು. ಜೀರುಂಡೆಯಂತೆ, ಒಂದೇ ಸಮನೆ.

ಆ ದನಿ ಯಾರದೆಂದು ಹುಚ್ಚೀರಯ್ಯನ ಕಿವಿಗೆ ಗೊತ್ತಿತ್ತು. ಅವನು ಪೇಟವನ್ನು ಮೆಲ್ಲಗೆ ಕಿವಿಯ ಮೇಲೆ ಎಳೆದುಕೊಂಡ. ಒಲೆಯ ಎದುರು ಕುಳಿತವನಿಗೆ ಇದೇನಣ್ಣ ಚಳಿ ಎಂದು ಚಲುವರಾಜು ಕೇಳಿದ. ಹುಚ್ಚೀರಯ್ಯನಿಗೆ ಕೇಳಿಸಲಿಲ್ಲ.

ಹಕ್ಕಿ ಮಾತ್ರ ಯಾರ ಮುಲಾಜಿಗೂ ಬೀಳುವಂಥದ್ದಲ್ಲ. ಕೊಪ್ಪರಿಗೆ ತೊಳೆದ ನೀರು ಹರಿಯುವ ಸಣ್ಣ ಕಾಲುವೆಗೆ ಇಳಿದು, ಎಲ್ಲರ ಕಣ್ಣೆದುರಿಗೆ ಮುಳುಗಿ ಎದ್ದು ರೆಕ್ಕೆ ಬಡಿಯತೊಡಗಿತು. ನೀರು ಕಪ್ಪಾಯಿತು. ಹಕ್ಕಿಯ ಎದೆ ಮೊದಲು ಬೂದಿಯಾಯಿತು, ಆಮೇಲೆ ಮಣ್ಣಾಯಿತು. ಸಿಪ್ಪೆಯ ರಾಶಿಯಲ್ಲಿ ಹುಳ ಹುಡುಕುತ್ತ ಒಲೆಯ ಮಸಿಯನ್ನೆಲ್ಲ ಮೆತ್ತಿಕೊಂಡಿದ್ದ ಊರಿನ ಉಲಿಯಕ್ಕಿ ಅದು.

"ಇನ್ನೊಂದ್ ದಪ ಮುಳುಗುದ್ರೆ ಬೆಳ್ಳಕ್ಕಿ ಆಯ್ತದೆ ಕಣಣ್ಣ" ಎಂದ ಚಲುವರಾಜು.

ರೇವಣ್ಣ, ತನಗೆ ಮೊದಲೇ ಅನುಮಾನವಿತ್ತು ಎಂದು ಹೇಳಿ ಮಳವಳ್ಳಿ ಬಸ್ಸಿನ ಹೊತ್ತು ವಿಚಾರಿಸಿದ. ಹುಚ್ಚೀರಯ್ಯ ಪೇಟವನ್ನು ಮೇಲಕ್ಕೆ ಸರಿಸಿ, ದುರ್ಬೀನನ್ನು ಕೊರಳಿನಿಂದ ತೆಗೆದು ಚಲುವರಾಜುವಿನ ಕೈಯಲ್ಲಿಟ್ಟ. "ಅದು ಕೂಗ್ದಾಗ್ಲೇ ಗೊತ್ತಾಗಿತ್ತು ಕಣ್ಲಾ" ಎಂದ. ಅದನ್ನು ಹೇಳುವುದು ದುರ್ಬೀನು ಕೊಡುವುದಕ್ಕಿಂತ ಕಷ್ಟವಾಗಿತ್ತು.

ಚಲುವರಾಜು ದುರ್ಬೀನನ್ನು ಬಿಡಲಿಲ್ಲ. ಆದರೆ ಹೆಸರಿನ ಮಾತನ್ನೂ ಊರು ಬಿಡಲಿಲ್ಲ. ಆ ಹಂಗಾಮಿನಿಂದ ಒಲೆಗೆ ಸಿಪ್ಪೆ ಹಾಕಿ ಮಸಿ ಮುಖದಲ್ಲಿ ಮನೆಗೆ ಬಂದವರೆಲ್ಲ ಹುಚ್ಚೀರಯ್ಯನ ಹಕ್ಕಿಗಳಾದರು. ಒಂದು ಸಂಜೆ ಪಕ್ಕದ ಮನೆಯ ಮುದ್ದಮ್ಮ, ಗಂಡ ಬಾಗಿಲಿಗೆ ಬಂದದ್ದನ್ನು ನೋಡಿ ಸೊಸೆಗೆ ಕೂಗಿ ಹೇಳಿದಳು: "ಬಂತು ಕಣಮ್ಮಿ ಹುಚ್ಚೀರಯ್ಯನಕ್ಕಿ, ನೀರು ಕಾಸು."

ಜಗುಲಿಯಲ್ಲಿ ಕುಳಿತಿದ್ದ ಹುಚ್ಚೀರಯ್ಯ ಕೆಮ್ಮಿದ. ಚಿಕ್ಕನಂಜಮ್ಮ ಒಳಗಿನಿಂದಲೇ, "ಎಸ್ರು ಉಳೀತಲ್ಲ, ಇನ್ನೇನಂತೆ?" ಎಂದಳು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕೋಟು ತೊಟ್ಟು ಗದ್ದೆಗೆ ಹೊರಟ. ಪೇಟವನ್ನು ಮಾತ್ರ ಎರಡು ಕಿವಿಗಳೂ ಹೊರಗಿರುವಂತೆ ಎತ್ತರಕ್ಕೆ ಸುತ್ತಿದ್ದ.