ಬಂಗಾರ ಕೆಂಪಾಗುವ ಹೊತ್ತು

ಬಸವನ ಬಾಗೇವಾಡಿಯ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೆಳ್ಳಿಯ ಮೇಲೆ ಬಣ್ಣದ ಗಾಜು ಕರಗಿಸಿ ಕೂಡಿಸುವ ಮೀನಾ ಕೆಲಸದ ಜೈನುದ್ದೀನ ಕುಲುಮೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹೆಂಡತಿ ರೋಷನಬಿ ತಿದಿ ಒತ್ತುತ್ತಿದ್ದಾರೆ. ಇಕ್ಕಳದ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ. "ಹೊತ್ತೇರಿದ್ರ ಬೆಂಕಿ ಬಣ್ಣ ಕಾಣಂಗಿಲ್ರಿ" ಎನ್ನುತ್ತಾರೆ ಜೈನುದ್ದೀನ.

ಎದುರಿಗೆ ಹೂವಿನ ಹಿಪ್ಪರಗಿಯ ಸಿದ್ದವ್ವ ಮುಖ ಗಂಟಿಕ್ಕಿ ಕೂತಿದ್ದಾರೆ. ಮೊಮ್ಮಗಳ ಲಿಂಗದೀಕ್ಷೆಗೆ ಮಾಡಿಸುತ್ತಿರುವ ಕರಡಿಗೆ ಇದು. ಕೆಂಪು ಗಾಜಿನ ಲೇಪಕ್ಕೆಂದು, ತೀರಿಹೋದ ತಾಯಿಯ ಬೋರಮಾಳ ಸರದಲ್ಲಿ ಉಳಿದಿದ್ದ ಜೋಳದ ಕಾಳಿನಷ್ಟು ಬಂಗಾರ ಕೊಟ್ಟಿದ್ದರು. ಗಿರಾಕಿಯ ಕಣ್ಣೆದುರೇ ಬಂಗಾರ ಕರಗಿಸುವುದು ಜೈನುದ್ದೀನರ ಮನೆತನದ ಪದ್ಧತಿ. ಸಿದ್ದವ್ವ ನೋಡುತ್ತಿದ್ದಂತೆಯೇ ಅದು ತೇಜಾಬಿನಲ್ಲಿ, ಅಂದರೆ ಕಟು ಆಮ್ಲದಲ್ಲಿ, ಹಳದಿ ನೀರಾಗಿತ್ತು. ಅದನ್ನು ಗಾಜಿನ ಪುಡಿಗೆ ಬೆರೆಸಿ ಕರಗಿಸಿ, ಮತ್ತೆ ಅರೆದು, ಬೆಳ್ಳಿಯ ಮೇಲೆ ತೆಳ್ಳಗೆ ಹಚ್ಚಿ ನಿನ್ನೆ ಸುಟ್ಟಾಗ ಬಂದದ್ದು ಬರೀ ತಿಳಿಗಾಜು.

"ಏನಪಾ, ನಮ್ಮವ್ವನ ಬಂಗಾರ ತೇಜಾಬು ಕುಡೀತೋ, ನೀ ಕುಡದ್ಯೋ?"

"ಅವರಿಗೆ ಚಾ ಕುಡಿಯಾಕ ಸೈತ ಹೊತ್ತಿಲ್ರಿ ಅವ್ವಾ" ಎಂದು ರೋಷನಬಿ ನಗುತ್ತಾರೆ. ಜೈನುದ್ದೀನ ನಗುವುದಿಲ್ಲ. ಎರಡನೆಯ ಕಾವಿನಲ್ಲೂ ಕೆಂಪು ಬಾರದಿದ್ದರೆ ಕಳ್ಳನೆಂಬ ಮಾತು ಮಧ್ಯಾಹ್ನದೊಳಗೆ ಹಿಪ್ಪರಗಿ ಮುಟ್ಟುತ್ತದೆ.

ಐವತ್ತಮೂರು ವರ್ಷದ ಜೈನುದ್ದೀನರಿಗೆ ಈ ಕೆಲಸ ಕಲಿಸಿದವರು ತಂದೆ. ಈ ಎಪ್ಪತ್ತನಾಲ್ಕನೆಯ ಇಸವಿ ಅರ್ಧ ಕಳೆದರೂ ಬಂದದ್ದು ಐದೇ ಕರಡಿಗೆ, ಅದರಲ್ಲಿ ಎರಡು ಕೆಟ್ಟವು. "ಕಾವು ಕಡಿಮಿ ಆದ್ರ ನೀರಿನಂಗ, ಹೆಚ್ಚಾದ್ರ ಕರ್ರಗ. ಕೆಳಗ ಸಾದಾ ಗಾಜಿನ ಪದರ ಮರೆತ್ರ ಬೆಳ್ಳಿ ಹತ್ತಿ ಹಳದಿ. ಹಳದಿ ಬಂಗಾರದಿಂದ ಕೆಂಪು, ಬಿಳಿ ಬೆಳ್ಳಿಯಿಂದ ಹಳದಿ. ಯಾಕಂತ ನಮ್ಮಪ್ಪಗೂ ತಿಳೀಲಿಲ್ಲ, ನನಗೂ ತಿಳಿದಿಲ್ಲ."

ವಿಜಾಪುರದ ಕಾಲೇಜಿನ ಮೇಷ್ಟ್ರೊಬ್ಬರು ಒಮ್ಮೆ ವಿವರಿಸಿದ್ದರಂತೆ: ಬಂಗಾರ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜಿನೊಳಗೆ ಕೂಡುತ್ತದೆ, ಬೆಳಕಿನ ಹಸಿರನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. "ತಾನೇ ಕಾಣದ್ದು ಬಣ್ಣ ಹೆಂಗ ತೋರಸ್ತೈತ್ರಿ?" ಎಂದು ಜೈನುದ್ದೀನ ಕೇಳುತ್ತಾರೆ.

ಕರಡಿಗೆ ಕೆಂಡದ ಮೇಲೆ ಹೋಗುತ್ತದೆ. ಒಮ್ಮೆ ತೆಗೆದು ನೋಡುತ್ತಾರೆ: ತಿಳಿಗಾಜು. ಸಿದ್ದವ್ವ ಎದ್ದು ನಿಲ್ಲುತ್ತಾರೆ. ಮತ್ತೆ ಒಳಗೆ. ಮತ್ತೆ ಹೊರಗೆ. ಈಗ ಅಂಚಿನಿಂದ ನಸುಗೆಂಪು ಏಳುತ್ತದೆ, ನಡುವಿಗೆ ಹರಿಯುತ್ತದೆ, ದಾಳಿಂಬೆ ಕಾಳಿನಂತೆ ಗಟ್ಟಿಯಾಗುತ್ತದೆ. ಇನ್ನೂ ಕಾವು ತಾಗಿ ಕರ್ರಗಾಗದಿರಲೆಂದು ಜೈನುದ್ದೀನ ಕರಡಿಗೆಯೊಂದಿಗೆ ತಟ್ಟನೆ ಬೆಂಕಿಯಿಂದ ದೂರ ಸರಿಯುತ್ತಾರೆ.

ತಣಿದ ಕರಡಿಗೆಯನ್ನು ಸಿದ್ದವ್ವ ಹೊರಳಿಸಿ ಹೊರಳಿಸಿ ನೋಡುತ್ತಾರೆ. "ನಮ್ಮವ್ವನ ಬಂಗಾರ ಇದರಾಗ ಎಲ್ಲೈತಿ?"

"ಎಲ್ಲೈತಿ ಗೊತ್ತಿಲ್ರಿ ಅವ್ವಾ" ಎನ್ನುತ್ತಾರೆ ಜೈನುದ್ದೀನ. "ಹೊರಗಂತೂ ಹೋಗಿಲ್ಲ."