ಬಳೆ ಸದ್ದಿಗೆ ನಿಂತ ಲಾರಿ

ದೆವ್ವ, ಗಾಳಿ, ಶಕುನ ಎಂದರೆ ನನಗೆ ಮೊದಲಿನಿಂದಲೂ ನಗು. ಲಾರಿಯವರ ಮನೆಗೆ ಸೊಸೆಯಾಗಿ ಬಂದ ಮೇಲಂತೂ ಆ ನಗು ಇನ್ನೂ ಹೆಚ್ಚಾಯಿತು. ಡ್ರೈವರುಗಳಷ್ಟು ದೆವ್ವದ ಕತೆ ಹೇಳುವವರು ಬೇರೆ ಯಾರೂ ಇಲ್ಲ. ಮುಳಬಾಗಿಲು ದಾಟಿದ ಮೇಲೆ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದಳು ಎಂದು ಒಬ್ಬ, ಬೀಡಿಗೆ ಬೆಂಕಿ ಕೇಳಿದವನಿಗೆ ಪಾದವೇ ಇರಲಿಲ್ಲ ಎಂದು ಇನ್ನೊಬ್ಬ. ನಮ್ಮ ಯಜಮಾನರೂ ಕಡಿಮೆಯವರಲ್ಲ. ಊಟಕ್ಕೆ ಕೂತು ಅಂಥದ್ದೊಂದು ಶುರು ಮಾಡಿದರೆ, "ಆ ಬಿಳಿ ಸೀರೆಯವಳು ಗಂಡಸರಿಗೇ ಸಿಗ್ತಾಳಲ್ಲ, ಅದೇನು ವಿಚಿತ್ರಾನೋ" ಎಂದು ತಟ್ಟೆಗೆ ಮುದ್ದೆ ಹಾಕುತ್ತಿದ್ದೆ. ಈಗ ನಾನೇ ಅಂಥ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಂಬಬೇಕೋ ಬೇಡವೋ ಎನ್ನುವುದು ನನಗೇ ಇನ್ನೂ ತಿಳಿದಿಲ್ಲ.

ಶ್ರೀನಿವಾಸಪುರದಲ್ಲಿ ನಮ್ಮದೂ ಒಂದು ಟ್ರಾನ್ಸ್‌ಪೋರ್ಟ್ ಇತ್ತು. ಹೆಸರು ದೊಡ್ಡದು, ಇದ್ದದ್ದು ಒಂದೇ ಲಾರಿ. ಆಗ ನಮ್ಮ ಕಡೆ ಇಂಥವರು ಬೇಕಾದಷ್ಟು ಮಂದಿ. ಒಂದು ಮೇಜು, ಒಂದು ಫೋನು, ಬಾಗಿಲ ಮೇಲೊಂದು ಬೋರ್ಡು ಇದ್ದರೆ ಅದೇ ಕಂಪನಿ. ಮಾಲೂರಿನವರು ಹಂಚು, ಇಟ್ಟಿಗೆ ಹೊರುತ್ತಿದ್ದರು. ಮುಳಬಾಗಿಲಿನವರು ಮದ್ರಾಸು ರಸ್ತೆ ಹಿಡಿದರೆ ವಾರಗಟ್ಟಲೆ ಮನೆ ಕಡೆ ತಿರುಗುತ್ತಿರಲಿಲ್ಲ. ಕೋಲಾರದವರದ್ದು ಮಂಡಿಯ ಟೊಮೇಟೊ, ನಮ್ಮದು ಮಾವು. ಮಾವಿನ ಕಾಲ ಮುಗಿದರೆ ಯಾರು ಏನು ಕೊಟ್ಟರೂ ಸರಿ. ಹಾರ್ನ್ ಕೇಳಿಯೇ ಇದು ಇಂಥವರ ಲಾರಿ ಎಂದು ಹೇಳುವವರಿದ್ದರು. ಎಲ್ಲ ಲಾರಿಗೂ ಹಣೆಯ ಮೇಲೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು. ನಮಗೆ ಮಕ್ಕಳಾಗಲಿಲ್ಲ. ನಮ್ಮ ಲಾರಿಯ ಹಿಂದೆ ಪೇಂಟರ್ ಎರಡು ನವಿಲು ಬರೆದು ಬಿಟ್ಟಿದ್ದ.

ಈಗ ಆ ಆಫೀಸುಗಳಲ್ಲಿ ಮೊಬೈಲ್ ಅಂಗಡಿಗಳಿವೆ. ಉದ್ದುದ್ದ ಗಾಡಿಗಳು ಹೈವೇಯಲ್ಲೇ ಬಂದು ಹೈವೇಯಲ್ಲೇ ಹೋಗುತ್ತವೆ. ಅವು ಯಾರವೋ, ಓಡಿಸುವವರು ಯಾರೋ, ನಮಗೆ ಗೊತ್ತಾಗುವುದಿಲ್ಲ.

ನಮ್ಮದು ಮುಂದೆ ಮೂತಿ ಇರುವ ಹಳೇ ಕಾಲದ ಲಾರಿ. ನಾನು ಆ ಮನೆಗೆ ಬರುವ ಮೊದಲೇ ಅದು ಬಂದಿತ್ತು. ಹಾಗಾಗಿ ಬೀದಿಯವರು ಅದನ್ನು ದೊಡ್ಡವಳು, ನನ್ನನ್ನು ಚಿಕ್ಕವಳು ಎಂದು ರೇಗಿಸುತ್ತಿದ್ದರು. ಮನೆಯ ಪಕ್ಕದಲ್ಲಿ, ನಮ್ಮ ಗೋಡೆಗೂ ಬೇವಿನ ಮರಕ್ಕೂ ನಡುವೆ, ಅದರ ಜಾಗ. ಒಂದು ಲಾರಿ ಹಿಡಿಯುವಷ್ಟೇ ಅಗಲ, ಕೊನೆಯಲ್ಲಿ ಹಿತ್ತಲ ಗೋಡೆ. ಯಜಮಾನರು ಯಾವತ್ತೂ ಅದನ್ನು ರಿವರ್ಸ್‌ನಲ್ಲೇ ತಂದು ನಿಲ್ಲಿಸುತ್ತಿದ್ದರು. ಮುಖ ರಸ್ತೆ ಕಡೆ ಇರಬೇಕು, ಹೊರಡುವಾಗ ಮನೆ ಮುಂದೆ ಹಿಂದಕ್ಕೆ ಹೋಗಬಾರದು ಎನ್ನುವುದು ನಮ್ಮ ಕಡೆ ಲಾರಿಯವರ ಪದ್ಧತಿ.

ರಿವರ್ಸ್ ಮಾಡುವಾಗ ಹಿಂದೆ ಒಬ್ಬರು ನಿಂತು ಲಾರಿಯ ಮೈ ತಟ್ಟಬೇಕು. ಮೆಲ್ಲಗೆ ತಟ್ಟುತ್ತಾ ಇದ್ದರೆ ಬಾ ಎಂದು. ಜೋರಾಗಿ ಒಂದು ಏಟು ಹಾಕಿದರೆ ನಿಲ್ಲು ಎಂದು. ಅದು ಕ್ಲೀನರ್ ಕೆಲಸ. ಮದುವೆಯಾದ ಹೊಸತರಲ್ಲಿ ಒಂದು ದಿನ ಕ್ಲೀನರ್ ಇರಲಿಲ್ಲ, ನಾನೇ ಹೋಗಿ ನಿಂತೆ. ಎರಡು ಕೈ ತುಂಬ ಹಸಿರು ಗಾಜಿನ ಬಳೆ. ನಿಲ್ಲಿಸುವುದಕ್ಕೆ ಕೊಟ್ಟ ಏಟಿಗೆ ಅರ್ಧ ಬಳೆ ಪುಡಿಯಾಗಿ ಬಿದ್ದವು. ಅವರು ಇಳಿದು ಬಂದವರು ನೆಲ ನೋಡಿ ನಕ್ಕು, "ಇನ್ಮೇಲೆ ನೀನೇ ಕ್ಲೀನರ್ ಕಣೇ. ಈ ಬಳೆ ಸದ್ದು ಬಂದ್ರೆ ಸಾಕು, ನಾನು ಹಿಂದೆ ತಿರುಗಿ ನೋಡಲ್ಲ" ಎಂದರು. ಅವತ್ತಿನಿಂದ ಆ ಕೆಲಸ ನನ್ನದೇ ಆಯಿತು. ಹೋದ ಊರಿಂದೆಲ್ಲ ಬಳೆ ತರುತ್ತಿದ್ದರು. ಅಳತೆ ತಪ್ಪಿ ತಂದಾಗ ಬೈಯುತ್ತಿದ್ದೆ, ಮೊಣಕೈಗೆ ಹಾಕಿಕೋ ಎನ್ನುತ್ತಿದ್ದರು.

ಅವರು ಹೋದದ್ದು ಮಾಲೂರಿನಲ್ಲಿ. ಹಂಚು ತುಂಬಲು ಸರದಿಯಲ್ಲಿ ಲಾರಿ ನಿಲ್ಲಿಸಿ, ಸೀಟಿನ ಮೇಲೆ ಕಾಲು ಚಾಚಿ ಮಲಗಿದವರು ಏಳಲೇ ಇಲ್ಲ. ಎದೆ ನಿಂತಿತ್ತು ಎಂದರು. ಅವರನ್ನು ವ್ಯಾನಿನಲ್ಲಿ ಮನೆಗೆ ತಂದರು. ಲಾರಿ ಕಾರ್ಯವೆಲ್ಲ ಮುಗಿದ ಮೇಲೆ ಬಂತು. ಯಾರೋ ಪುಣ್ಯಾತ್ಮರು ಓಡಿಸಿಕೊಂಡು ಬಂದು, ಮುಂದಿನಿಂದಲೇ ನುಗ್ಗಿಸಿ, ಹಿತ್ತಲ ಗೋಡೆ ಕಡೆ ಮೂತಿ ಮಾಡಿ ನಿಲ್ಲಿಸಿ ಹೋದರು. ಅವರದ್ದೇನೂ ತಪ್ಪಿಲ್ಲ. ಆದರೆ ಬಾಗಿಲು ತೆಗೆದಾಗಲೆಲ್ಲ ಆ ನವಿಲುಗಳು ರಸ್ತೆ ಕಡೆ ಕಾಣುವುದು ನೋಡಿ ಮತ್ತೆ ಬಾಗಿಲು ಹಾಕಿಬಿಡುತ್ತಿದ್ದೆ. ಅಷ್ಟು ಹೊತ್ತಿಗೆ ನನ್ನ ಬಳೆಯನ್ನೂ ತೆಗೆಸಿದ್ದರು. ಲಾರಿ ಮನೆಗೆ ಬಂದಿಲ್ಲ, ಬಂದಂತೆ ಮಾಡಿದೆ ಅನ್ನಿಸುತ್ತಿತ್ತು.

ಮನೆಯಲ್ಲಿ ನಾನು, ನನ್ನ ಅತ್ತೆ ಇಬ್ಬರೇ ಉಳಿದೆವು. ಲಾರಿ ಹಾಗೇ ನಿಂತಿತು. ಬೇವಿನ ಎಲೆ ಬಿದ್ದು ಬಿದ್ದು ಮೇಲೆ ಗೊಬ್ಬರವಾಯಿತು. ಕೊನೆಗೆ ನನ್ನ ಮೈದುನ ಮುನಿರಾಜು ಬಂದು, "ಎಷ್ಟು ದಿನಾಂತ ಇಟ್ಕೊತೀರಿ ಅತ್ತಿಗೆ? ಅಣ್ಣ ಇದ್ದಿದ್ರೆ ಇದನ್ನ ಹಿಂಗೆ ನೋಡ್ತಿರಲಿಲ್ಲ" ಎಂದ. ನಾನು ಒಳಗಿನಿಂದ ಬೀಗದ ಕೈ ತಂದು ಅವನ ಕೈಗಿಟ್ಟೆ. ಕೋಲಾರದ ಗುಜರಿಯವರು ಬಾಷಾ ಎನ್ನುವ ಡ್ರೈವರನ್ನು ಕಳಿಸಿದರು. ವಯಸ್ಸಾದವರು, ಹಳೇ ಲಾರಿಗಳಲ್ಲಿ ಪಳಗಿದವರು. ಮೂತಿಯ ಮುಚ್ಚಳ ತೆಗೆದು ಮಧ್ಯಾಹ್ನವೆಲ್ಲ ಏನೇನೋ ಮಾಡಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸ್ಟಾರ್ಟ್ ಮಾಡಿಬಿಟ್ಟರು. ಆ ಸದ್ದು ಕೇಳಿ ನಾನು ಅಡುಗೆ ಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

ಬಾಷಾ ಲಾರಿಯನ್ನು ರಸ್ತೆಗೆ ತೆಗೆದಾಗ ನಾನು ಅಡ್ಡ ಹೋಗಿ ನಿಂತು ಒಂದು ಮಾತು ಕೇಳಿದೆ. ಒಂದೇ ಒಂದು ಸಲ ಅದನ್ನು ಅವರು ನಿಲ್ಲಿಸುತ್ತಿದ್ದ ಹಾಗೆ ರಿವರ್ಸ್‌ನಲ್ಲಿ ತಂದು ಜಾಗದಲ್ಲಿ ನಿಲ್ಲಿಸಿ, ಆಮೇಲೆ ತೆಗೆದುಕೊಂಡು ಹೋಗಿ. ಆ ಹೊತ್ತು ನಾನು ಮುಂದೆ ಕೂತಿರುತ್ತೇನೆ. ಅಷ್ಟು ವರ್ಷ ನಾನು ಹಿಂದೆ ನಿಂತವಳೇ ಹೊರತು, ಮನೆಗೆ ಬರುವಾಗ ಅವರ ಪಕ್ಕ ಕೂತವಳಲ್ಲ. ಮುನಿರಾಜು ಮುಖ ಗಂಟು ಹಾಕಿಕೊಂಡ. ಬಾಷಾ ಮಾತ್ರ, "ಬನ್ನಿ ಅಕ್ಕ, ಹತ್ತಿ. ಮನೆಗೆ ಬಂದೇ ಹೋಗ್ಲಿ ಪಾಪ" ಎಂದು ಬಾಗಿಲು ತೆಗೆದರು. ಮುನಿರಾಜು ಬೈಕು ಆಟೋ ತಡೆಯಲು ರಸ್ತೆಗೆ ಹೋದ. ಹಿಂದೆ ಯಾರೂ ಇರಲಿಲ್ಲ. ಬಾಷಾ ಕನ್ನಡಿ ನೋಡಿಕೊಂಡೇ ಹಿಂದಕ್ಕೆ ಬಿಡುತ್ತಿದ್ದರು. ನನ್ನ ಕಡೆಯ ಕನ್ನಡಿಯಲ್ಲಿ ನನಗೆ ಗೋಡೆ ಕಾಣುತ್ತಿತ್ತು, ಬೇವಿನ ಕೊಂಬೆ ಕಾಣುತ್ತಿತ್ತು.

ಆಗ ಹಿಂದಿನಿಂದ ಫಟ್ ಎಂದು ಒಂದು ಏಟು ಬಿತ್ತು. ಅದರ ಜೊತೆಗೇ ಗಲ್ ಎಂದು ಗಾಜಿನ ಬಳೆ ಸದ್ದು.

ಬಾಷಾ ಬ್ರೇಕ್ ಮೇಲೆ ನಿಂತೇಬಿಟ್ಟರು. ಎಂಜಿನ್ ಆಫ್ ಆಯಿತು. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ನನ್ನ ಎರಡೂ ಕೈ ಮಡಿಲಲ್ಲಿದ್ದವು.

ಇಳಿದು ಹಿಂದೆ ಓಡಿದೆ. ಅಲ್ಲಿ ನನ್ನ ಅತ್ತೆ ನಿಂತಿದ್ದರು. ಅವರ ಬೆನ್ನಿಗೂ ಗೋಡೆಗೂ ಒಂದು ಗೇಣು, ಎದೆಗೂ ಲಾರಿಗೂ ಒಂದು ಗೇಣು.

ಆಗಿದ್ದು ಇಷ್ಟು. ಮಗ ಹೊರಡುವಾಗಲೆಲ್ಲ ಅತ್ತೆ ಹಿಂಬಾಗಿಲಿನಿಂದ ಬಂದು ಲಾರಿಯ ಹಿಂದಿನ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವತ್ತು ಲಾರಿ ಹೋಗುತ್ತದೆ ಎಂದು ಅವರಿಗೆ ಕೈಸನ್ನೆಯಲ್ಲಿ ಹೇಳಿದ್ದೆವು. ಹೊರಗೆ ಬಂದು ನೋಡಿದಾಗ ಲಾರಿಯ ಮುಖ ರಸ್ತೆ ಕಡೆ ಇದೆ, ಹಲಗೆ ಇತ್ತ ಕಡೆ ಇದೆ. ಯಾವತ್ತಿನ ಹಾಗೆ ಈಗ ಮುಂದಕ್ಕೆ ಹೊರಡುತ್ತದೆ ಎಂದುಕೊಂಡು ಮುಟ್ಟಲು ಬಂದಿದ್ದಾರೆ. ಹಿಂದಕ್ಕೆ ಬರುತ್ತಿದೆ ಎಂದು ಕೂಗಿದರೂ ಕೇಳುವ ಹಾಗಿಲ್ಲ. ಅವರ ಕಿವಿ ಹೋಗಿ ಬಹಳ ವರ್ಷವಾಗಿತ್ತು, ಗುಡುಗಿದರೂ ತಿಳಿಯುತ್ತಿರಲಿಲ್ಲ.

ಅವರನ್ನು ತಬ್ಬಿಕೊಂಡು ಈಚೆ ಎಳೆದುಕೊಂಡೆ. ಅವರು ಗಾಬರಿಯಾಗಿರಲಿಲ್ಲ. ಆಂಧ್ರದ ಗಡಿಯಲ್ಲಿರುವ ರಾಯಲ್ಪಾಡಿನ ಕಡೆಯ ಹೆಂಗಸು, ಆತುರ ಬಂದರೆ ತೆಲುಗೇ ಬಾಯಿಗೆ ಬರುತ್ತದೆ. "ತಟ್ಟಿಂದಿ ನುವ್ವೇ ಕದಾ?" ಎಂದು ನನ್ನನ್ನೇ ಕೇಳಿದರು. ತಟ್ಟಿದ್ದು ನೀನೇ ತಾನೇ ಎಂದು. ಆಮೇಲೆ ಕನ್ನಡದಲ್ಲಿ, "ಬಳೆ ಸದ್ದು ಕೇಳಿಸ್ತಲ್ಲಮ್ಮ, ಅದಕ್ಕೇ ಅಲ್ಲೇ ನಿಂತೆ" ಎಂದರು. ಅವರ ಕೈ ನೋಡಿದೆ. ಮಾವ ಹೋದಾಗಿನಿಂದ ಅವರೂ ಬರಿಗೈ. ಮುನಿರಾಜು ರಸ್ತೆಯಿಂದ ಓಡಿ ಬಂದ. ಅವನಿಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಮರದ ಕೊಂಬೆ ತಗಲಿರಬೇಕು, ಕಬ್ಬಿಣದ ಚಿಲಕ ಅಲ್ಲಾಡಿರಬೇಕು ಎಂದ. ಇರಬಹುದು, ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಆದರೆ ಕಿವುಡಿಗೆ ಚಿಲಕ ಹೇಗೆ ಕೇಳಿಸಿತು?

ಯಜಮಾನರೇ ಬಂದಿದ್ದರು ಎನ್ನುವುದಾದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾಯಿಯನ್ನು ಉಳಿಸಲು ಮಗ ಬಂದ ಎಂದು ನಾಲ್ಕು ಜನಕ್ಕೆ ಹೇಳಬಹುದಿತ್ತು. ಆದರೆ ಅದು ಅವರ ಹಾರ್ನ್ ಅಲ್ಲ, ಅವರ ದನಿಯಲ್ಲ. ನನ್ನ ಏಟು, ನನ್ನ ಬಳೆ. ಹೋಗುವಾಗ ಅವರು ನನ್ನಿಂದ ಆ ಒಂದು ಸದ್ದು ತೆಗೆದುಕೊಂಡು ಹೋಗಿದ್ದರೇ? ಹಾಗೆ ಅಂದುಕೊಂಡಾಗಲೆಲ್ಲ ಅಳು ಬರುತ್ತದೆ. ಅಂದುಕೊಳ್ಳದೆ ಇರಲೂ ಆಗುವುದಿಲ್ಲ.

ಕತ್ತಲಾಗುವ ಮುಂಚೆ ಲಾರಿ ಹೊರಟಿತು. ಜಾಗದಲ್ಲಿ ಒಂದು ಗಳಿಗೆ ಸರಿಯಾಗಿ ನಿಂತು, ಮುಂದಕ್ಕೇ ಹೋಯಿತು. ಅತ್ತೆ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಹಿಂದೆ ನಿಂತು, ಹೋಗು ಎಂದು ಎರಡು ಸಲ ತಟ್ಟಿದೆ. ಹಲಗೆಯ ಸದ್ದು ಮಾತ್ರ ಬಂತು. ನವಿಲುಗಳು ತಿರುವಿನವರೆಗೂ ಕಾಣುತ್ತಿದ್ದವು.

ಇದೆಲ್ಲ ಆಗಿ ವರ್ಷಗಳಾದವು. ಅತ್ತೆಗೆ ಈಗ ಎಷ್ಟೋ ವಿಷಯ ಮರೆತುಹೋಗಿದೆ, ಮಗ ಹೋದದ್ದೂ ಕೆಲವು ದಿನ ನೆನಪಿರುವುದಿಲ್ಲ. ಆದರೆ ಊಟಕ್ಕೆ ತಟ್ಟೆ ಇಟ್ಟಾಗ ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದು, ಮಣಿಕಟ್ಟು ಸವರಿ ಕೇಳುತ್ತಾರೆ.

"ಅವತ್ತು ಹಾಕ್ಕೊಂಡಿದ್ದೆಯಲ್ಲಮ್ಮ, ಆ ಹಸಿರು ಬಳೆ ಎಲ್ಲಿ ತೆಗೆದಿಟ್ಟೆ?"