ಅಕ್ಕನನ್ನು ಮಾತಾಡಿಸುತ್ತಾ ಮಾಡಿದ ಆಪರೇಷನ್

ನನ್ನ ಅಕ್ಕ ದಿಂಬಂ ಘಟ್ಟದ ಮೇಲಿನ ನಮ್ಮೂರು ತಿಗನಾರೆಯಲ್ಲಿ ದನ ಮೇಯಿಸುತ್ತಾಳೆ, ಕರೆದರೆ ಕೂಲಿಗೂ ಹೋಗುತ್ತಾಳೆ. ಒಂದೆರಡು ವರ್ಷದ ಹಿಂದೆ, ಮಾತಾಡುತ್ತಿದ್ದ ಹಾಗೇ ಅವಳ ಬಾಯಿ ಕಟ್ಟಿಹೋಗತೊಡಗಿತು. ಸುಮ್ಮನೆ ಕಣ್ಣು ಬಿಟ್ಟುಕೊಂಡು ನಿಲ್ಲುವಳು, ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಮೇವು ಹಾಕುವಳು. ಕೊಯಮತ್ತೂರಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಅಂಟಿಕೊಂಡೇ ಗೆಡ್ಡೆ ಬೆಳೆದಿತ್ತು.

"ಎಚ್ಚರ ಇರುವಾಗಲೇ ಆಪರೇಷನ್ ಮಾಡುತ್ತೇವೆ," ಎಂದು ಸರ್ಜನ್ ಮೇಡಂ ತಮಿಳಿನಲ್ಲಿ ಹೇಳಿದರು. "ಅವರು ಮಾತಾಡುತ್ತಿದ್ದರೆ ಎಲ್ಲಿ ಮುಟ್ಟಬಾರದು ಎಂದು ಗೊತ್ತಾಗುತ್ತದೆ. ಮಾತು ಪರೀಕ್ಷಿಸಲು ಕನ್ನಡ ಬಲ್ಲ ಥೆರಪಿಸ್ಟ್ ನಮ್ಮಲ್ಲಿದ್ದಾರೆ. ಆದರೂ ನೀವು ಪಕ್ಕದಲ್ಲಿದ್ದರೆ ಒಳ್ಳೆಯದು."

ಅಕ್ಕ ನನ್ನ ಕಡೆ ತಿರುಗಿದಳು. "ನೀ ಇದ್ರೆ ಆಯ್ತು ಕಣ," ಅಂದಳು.

ಹೆಸರು ಹೇಳಿಸಲು ಅವರು ತೋರಿಸುವ ಚಿತ್ರಗಳಲ್ಲಿ ಹಡಗು, ಪಿಯಾನೊ ಎಲ್ಲ ಇದ್ದವು. ಅಕ್ಕ ಅವನ್ನು ಕಂಡವಳಲ್ಲ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಬರೆದುಕೊಡುವ ಹಾಗೆ ಹಸು, ಕುಡುಗೋಲು, ರಾಗಿತೆನೆ, ಆನೆ ಬರೆದುಕೊಟ್ಟೆ. ಆಪರೇಷನ್ನಿನ ಹಿಂದಿನ ದಿನ ಮೈಸೂರು ಕಡೆಯ ಆ ಥೆರಪಿಸ್ಟ್ ಎದುರು ಅಕ್ಕ ಶಾಲೆಯ ಹುಡುಗಿಯಂತೆ ನೆಟ್ಟಗೆ ಕೂತು ಎಲ್ಲವನ್ನೂ ಹೇಳಿದಳು.

ಥಿಯೇಟರಿನಲ್ಲಿ ನನಗೆ ಅವಳ ಮುಖ ಮಾತ್ರ ಕಾಣುತ್ತಿತ್ತು. ಪರದೆಯ ಆಚೆ ಡಾಕ್ಟರುಗಳು. ಗೋಡೆಯ ದೊಡ್ಡ ಸ್ಕ್ರೀನಿನಲ್ಲಿ, ಫೋನಿನಲ್ಲಿ ದಾರಿ ನೋಡುವ ಹಾಗೆ, ಅವರ ಕಡ್ಡಿ ಮೆದುಳಿನಲ್ಲಿ ಎಲ್ಲಿದೆ ಎಂದು ತೋರುತ್ತಿತ್ತು. ಆ ಕಡ್ಡಿಯಿಂದ ಅಲ್ಲಲ್ಲಿ ಸಣ್ಣ ಕರೆಂಟು ಕೊಡುತ್ತಿದ್ದರು; ಆಗ ಮಾತು ತಪ್ಪಿದರೆ ಆ ಜಾಗ ಮುಟ್ಟುವ ಹಾಗಿಲ್ಲ. ನಾನು ಹಸುವಿನ ಚಿತ್ರ ಹಿಡಿದೆ.

"ಅಸ."

ಥೆರಪಿಸ್ಟ್ ಕೈ ಎತ್ತಿದರು. "ನಿನ್ನೆ ಹಸು ಅಂದಿದ್ದರು. ಉಚ್ಚಾರ ತಪ್ಪುತ್ತಿದೆ."

ಪರದೆಯ ಆಚೆ ಎಲ್ಲರ ಕೈ ನಿಂತಿತು. ನಾನು ನಡುವೆ ಬಾಯಿ ಹಾಕಿದೆ. "ಇಲ್ಲ ಮೇಡಂ, ನಮ್ಮ ಕಡೆ ಹಾಗೇ ಅನ್ನುವುದು. ನಿನ್ನೆ ನಿಮ್ಮ ಮುಂದೆ ಮರ್ಯಾದೆಗೆ ಹಸು ಅಂದಳು."

"ಅಸನ ಅಸ ಅನ್ದೆ ಇನ್ನೇನ್ ಅನ್ನನ?" ಅಂದಳು ಅಕ್ಕ, ತಲೆ ತೆರೆದುಕೊಂಡು ಮಲಗಿದ್ದವಳು. ಸರ್ಜನ್ ಮೇಡಂಗೆ ತಮಿಳಿನಲ್ಲಿ ತಿಳಿಸಿದಾಗ ಅವರೂ ನಕ್ಕರು.

ಕುಡುಗೋಲಿಗೆ ಮಾತ್ರ ಅವಳ ಬಾಯಿ ನಿಜವಾಗಿಯೂ ನಿಂತಿತು. ತುಟಿ ಅಲ್ಲಾಡಿತು, ಸದ್ದಿಲ್ಲ. ಕರೆಂಟು ತೆಗೆದೊಡನೆ "ಕುಡ್ಲು" ಅಂದಳು. ಇನ್ನೊಂದು ಸಲ ಕೊಟ್ಟರು, ಮತ್ತೆ ಹಾಗೇ ಆಯಿತು. ಸರ್ಜನ್ ಮೇಡಂ ಆ ಜಾಗಕ್ಕೆ ಗುರುತಿಗೆಂದು ಒಂದು ಸಣ್ಣ ಚೀಟಿ ಇಟ್ಟು, ಅದರ ಮಗ್ಗುಲಿನ ಗೆಡ್ಡೆಯನ್ನು ಚೂರು ಬಿಟ್ಟು, ಉಳಿದದ್ದನ್ನು ತೆಗೆದರು.

ಗೆಡ್ಡೆ ನಿಧಾನ ಬೆಳೆಯುವಂಥದ್ದು ಎಂದು ಲ್ಯಾಬಿನಿಂದ ವರದಿ ಬಂತು. ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಹೋಗಿಬರುತ್ತೇವೆ. ಬಾಯಿ ಕಟ್ಟುವುದು ನಿಂತಿದೆ. ಅಪರೂಪಕ್ಕೆ ಒಂದು ಪದಕ್ಕೆ ತಡವರಿಸುತ್ತಾಳೆ, ಕಾದರೆ ಸಿಗುತ್ತದೆ. ಹೋದ ಸಲ ವಾಪಸು ಬರುವಾಗ ದಿಂಬಂನಲ್ಲಿ ಟೀ ಅಂಗಡಿಯವನಿಗೆ ಆಪರೇಷನ್ ಕತೆ ಶುರು ಮಾಡಿದಳು. ಬಸ್ಸು ಹಾರನ್ ಹೊಡೆದರೂ ಮುಗಿಯಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತೆಂದು ನಾನು ಇನ್ನೊಂದು ಟೀ ಹೇಳಿದೆ.